ಅಡಿಕೆ ಸುಲಿಯುವಾಗ ಟೋಕಿಯೋದ ಟೆಕ್ನೋ: ಡಿಜೆ ಮಿಕ್ಸ್ ಕೇಳುದು ಹೇಗೆ, ಎಲ್ಲಿಂದ ಸುರು ಮಾಡುದು

ನಮ್ಮ ಕಡೆ, ಅಂದ್ರೆ ಕಾಸರಗೋಡಿನ ಕುಂಬಳೆ ಬದಿಯಡ್ಕ ಪೆರ್ಲ ಈ ಸುತ್ತಿನಲ್ಲಿ, "ಮೆಹಂದಿಗೆ ಡಿಜೆ ಉಂಟಾ?" ಅಂತ ಕೇಳಿದ್ರೆ ಆ ಡಿಜೆ ಮನುಷ್ಯ ಅಲ್ಲ, ಪೆಟ್ಟಿಗೆ. ಟೆಂಪೋದಲ್ಲಿ ಅಟ್ಟಿ ಹಾಕಿದ ಕಪ್ಪು ಬಾಕ್ಸು, ಹಿಂದೆ ಜನರೇಟರು, ತಿರುಗುವ ಲೈಟು, ಎದೆಯೊಳಗೆ ಢಬ ಢಬ, ಹತ್ತು ಗಂಟೆ ದಾಟಿದ್ರೆ ಪೊಲೀಸ್ ಜೀಪು. ಹಾಗಾಗಿ ನಾನು "ನಂಗೆ ಡಿಜೆ ಮಿಕ್ಸ್ ಕೇಳುದಂದ್ರೆ ಕುಶಿ" ಅಂತ ಮನೆಯಲ್ಲಿ ಹೇಳಿದ ದಿನ ಮಾವ ಒಂದು ಸಲ ನನ್ನನ್ನು ಒಂದು ಸಲ ಗೋಡೆಯನ್ನು ನೋಡಿದ್ರು, ಆಮೇಲೆ "ಆ ಸಾಮಾನು ಜಾಲಿನಲ್ಲಿ ಇಟ್ರೆ ಹಂಚು ಉಳಿಯುದಿಲ್ಲ ಮಾರಾಯ" ಅಂದ್ರು. ನಾನು ಹೇಳಿದ್ದು ಒಬ್ಬ ಮನುಷ್ಯ ಹಾಡಿಗೆ ಹಾಡು ಹೊಲಿದು ಎಡೆಬಿಡದೆ ಹಾಕಿದ ರೆಕಾರ್ಡಿಂಗಿನ ಬಗ್ಗೆ. ಅವರ ತಪ್ಪಿಲ್ಲ. ಆ ಶಬ್ದವೇ ಒಂದೊಂದು ಊರಿನಲ್ಲಿ ಒಂದೊಂದು ಅರ್ಥ ಕೊಡ್ತದೆ. ಜಮೈಕದಲ್ಲಿ ಹಾಡು ಹಾಕುವವ ಸೆಲೆಕ್ಟರ್, ಮೈಕ್ ಹಿಡಿದು ಹಾಡಿನ ಮೇಲೆ ಮಾತು ಪೋಣಿಸುವವ ಡೀಜೇ. ಅಲ್ಲಿಯೂ ಲಾರಿಯಲ್ಲಿ ಬಾಕ್ಸ್ ತಂದು ಬೀದಿಯಲ್ಲಿ ಅಟ್ಟಿ ಇಡುವ ಕ್ರಮ 1950ರ ದಶಕದಿಂದಲೇ ಉಂಟು, ಅದಕ್ಕೆ ಸೌಂಡ್ ಸಿಸ್ಟಮ್ ಅಂತ ಹೆಸರು, ಅಂದ್ರೆ ನಮ್ಮ ಮೆಹಂದಿಯ ಟೆಂಪೋಕ್ಕೆ ದೂರದ ದೊಡ್ಡಪ್ಪ ಅಂತ ಹೇಳ್ಬಹುದು.

ಆ ಜಮೈಕದಿಂದ ನ್ಯೂಯಾರ್ಕಿಗೆ ಹೋದ ಒಬ್ಬ ಹುಡುಗ ಕೂಲ್ ಹರ್ಕ್. 1973ರ ಆಗಸ್ಟ್ 11ಕ್ಕೆ ಬ್ರಾಂಕ್ಸಿನ ಒಂದು ಫ್ಲಾಟ್ ಕಟ್ಟಡದಲ್ಲಿ ಅವನ ತಂಗಿ ಒಂದು ಪಾರ್ಟಿ ಇಟ್ಟಿದ್ದಳು, ಹಾಡು ಹಾಕಿದ್ದು ಇವ. ಹಿಪ್ ಹಾಪ್ ಹುಟ್ಟಿದ ದಿನ ಅಂತ ಲೋಕ ನೆನಪಿಟ್ಟದ್ದು ಅದನ್ನೇ. ಅವ ಗಮನಿಸಿದ ವಿಷಯ ಭಾರಿ ಸಣ್ಣದು. ಹಾಡು ನಿಂತು ಬರೀ ಡ್ರಮ್ಸ್ ಮಾತ್ರ ಬರುವ ಹತ್ತಿಪ್ಪತ್ತು ಸೆಕೆಂಡು ಉಂಟಲ್ಲ, ಕುಣಿಯುವವರು ಅದಕ್ಕೇ ಕಾದು ಕೂತಿರ್ತಾರೆ, ಮತ್ತೆ ಪಲ್ಲವಿ ಬಂದ್ರೆ ಸಪ್ಪೆ ಆಗ್ತಾರೆ. ಸರಿ, ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಪ್ಲೇಯರಲ್ಲಿ ಇಟ್ಟ, ಒಂದರಲ್ಲಿ ಆ ಭಾಗ ಮುಗಿಯುವಾಗ ಇನ್ನೊಂದರಲ್ಲಿ ಅದೇ ಭಾಗ ಸುರು, ಅಷ್ಟರಲ್ಲಿ ಮೊದಲಿನದ್ದನ್ನು ಹಿಂದೆ ತಿರುಗಿಸಿ ಇಟ್ಟಾಯ್ತು. ಹತ್ತು ಸೆಕೆಂಡಿನದ್ದು ಐದು ನಿಮಿಷ ಆಯ್ತು.

ಡಿಜೆಗೆ ಎರಡು ಪ್ಲೇಯರ್ ಯಾಕೆ ಅಂದ್ರೆ ಇದಕ್ಕೆ. ಪ್ಲೇಲಿಸ್ಟಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಬರ್ತದೆ, ನಡುವೆ ಒಂದು ಬಿರುಕು ಇರ್ತದೆ. ಮಿಕ್ಸಿನಲ್ಲಿ ಒಂದು ಹಾಡು ಹೋಗುವ ಮೊದಲೇ ಇನ್ನೊಂದು ಬಂದು ಒಳಗೆ ಕೂತಿರ್ತದೆ, ಸ್ವಲ್ಪ ಹೊತ್ತು ಎರಡೂ ಒಟ್ಟಿಗೆ ಇರ್ತವೆ. ನನ್ನ ಪ್ರಕಾರ ಮಿಕ್ಸ್ ಕೇಳುದು ಅಂದ್ರೆ ಈ ಒಟ್ಟಿಗೆ ಇರುವ ಹೊತ್ತನ್ನು ಕೇಳುದು, ಹಾಡು ಎಲ್ಲಿಯೂ ಸಿಗ್ತದೆ, ಈ ಹೊಲಿಗೆ ಬೇರೆ ಎಲ್ಲಿಯೂ ಸಿಗುದಿಲ್ಲ.

ಹೊಲಿಗೆ ಹಾಕುದು ಹೇಗೆ ಅಂತ ಚೂರು ಬಿಡಿಸಿ ಹೇಳ್ತೇನೆ, ಇಲ್ಲಿ ಸ್ವಲ್ಪ ಲೆಕ್ಕ ಬರ್ತದೆ, ಹೆದರ್ಬೇಡಿ. ಒಂದು ಹಾಡು ನಿಮಿಷಕ್ಕೆ 124 ಪೆಟ್ಟು, ಇನ್ನೊಂದು 125 ಅಂತ ಇಟ್ಕೊಳ್ಳಿ. ಒಂದು ಪೆಟ್ಟಿನ ವ್ಯತ್ಯಾಸ ಎಂತ ಮಹಾ ಅಂತ ಕಾಣ್ತದೆ. ಆದ್ರೆ ಎರಡನ್ನೂ ಒಟ್ಟಿಗೆ ಬಿಟ್ರೆ ಅರ್ಧ ನಿಮಿಷ ಆಗುವಾಗ ಒಂದು ಇನ್ನೊಂದಕ್ಕಿಂತ ಅರ್ಧ ಪೆಟ್ಟು ಜಾರಿರ್ತದೆ, ಅಂದ್ರೆ ಇದರ ಪೆಟ್ಟು ಅದರ ಎರಡು ಪೆಟ್ಟಿನ ಸರಿ ನಡುವೆ ಬೀಳ್ತದೆ, ಕೇಳ್ಲಿಕ್ಕೆ ಕಲಿಯುವ ಇಬ್ಬರು ಹುಡುಗರು ಒಟ್ಟಿಗೆ ಚೆಂಡೆ ಹಿಡಿದ ಹಾಗೆ. ಹಾಗೆ ಆಗ್ಬಾರ್ದು ಅಂತಾದ್ರೆ ಒಂದರ ವೇಗವನ್ನು ಕೂದಲೆಳೆಯಷ್ಟು ಬದಲಿಸ್ಲಿಕ್ಕೆ ಆಗ್ಬೇಕು. ಅದಕ್ಕೆ ಒದಗಿದ್ದು ಟೆಕ್ನಿಕ್ಸ್ ಎಸ್‌ಎಲ್-1200 ಅಂತ ರೆಕಾರ್ಡ್ ಪ್ಲೇಯರು, ಅದು ಬಂದದ್ದು 1972ರಲ್ಲಿ. 1979ರ ಎರಡನೇ ಮಾದರಿಯಲ್ಲಿ ಬಲಗಡೆ ಉದ್ದಕ್ಕೆ ಒಂದು ಜಾರುಪಟ್ಟಿ ಇಟ್ರು, ಮೇಲೆ ಕೆಳಗೆ ದೂಡಿದ್ರೆ ವೇಗ ನೂರಕ್ಕೆ 8ರಷ್ಟು ಹೆಚ್ಚು ಅಥವಾ ಕಮ್ಮಿ. 120ರ ಹಾಡನ್ನು 110ರ ಹತ್ತಿರಕ್ಕೂ ಇಳಿಸ್ಬಹುದು, 129 ದಾಟಿಸ್ಲಿಕ್ಕೂ ಆಗ್ತದೆ. ಜಗತ್ತಿನ ಕ್ಲಬ್ಬುಗಳೆಲ್ಲ ಮೂವತ್ತು ವರ್ಷ ಈ ಒಂದು ಮೆಷಿನಿನ ಮೇಲೆ ನಡೆದವು ಅಂದ್ರೂ ತಪ್ಪಾಗ್ಲಿಕ್ಕಿಲ್ಲ.

ಇದನ್ನು ಮಾಡಿದ್ದು ಜಪಾನಿನ ಮಾತ್ಸುಶಿತಾ. ಹೆಸರು ಕೇಳಿ ಗೊತ್ತಾಗ್ಲಿಕ್ಕಿಲ್ಲ, ಆದ್ರೆ ನ್ಯಾಷನಲ್ ಪ್ಯಾನಾಸೋನಿಕ್ ಅಂದ್ರೆ ಗೊತ್ತಾಗ್ತದೆ, ಎರಡೂ ಅವರದ್ದೇ. ಗಲ್ಫಿಂದ ಬಂದವರ ಮನೆಯ ಶೋಕೇಸಿನಲ್ಲಿ ಕ್ರೋಶ ಬಟ್ಟೆ ಹೊದ್ದು ಕೂತಿರ್ತಿದ್ದ ಟೂ-ಇನ್-ಒನ್ ಉಂಟಲ್ಲ, ಅದೂ ಈ ಪ್ಲೇಯರೂ ಒಂದೇ ಮನೆಯವು!

ವೇಗ ಬದಲಿಸಿದ್ರೆ ಶ್ರುತಿಯೂ ಬದಲಾಗ್ತದೆ, ಅದು ಇನ್ನೊಂದು ತಲೆಬಿಸಿ. ನೂರಕ್ಕೆ 6 ಹೆಚ್ಚಿಸಿದ್ರೆ ಹೆಚ್ಚುಕಮ್ಮಿ ಹಾರ್ಮೋನಿಯಂನ ಬಿಳಿ ಒಂದರಲ್ಲಿದ್ದದ್ದು ಕಪ್ಪು ಒಂದಕ್ಕೆ ಹೋಗ್ತದೆ. ಈಗಿನ ಮೆಷಿನುಗಳಲ್ಲಿ ಶ್ರುತಿ ಹಿಡಿದಿಡುವ ಸ್ವಿಚ್ ಉಂಟು, ಹಿಂದೆ ಇರ್ಲಿಲ್ಲ, ಹಾಗಾಗಿ ಹಳೇ ಮಿಕ್ಸುಗಳಲ್ಲಿ ಗೊತ್ತಿರುವ ಹಾಡೂ ಚೂರು ಬೇರೆ ಮುಖ ಹಾಕಿಕೊಂಡು ಬರ್ತದೆ.

ಇನ್ನು ಎತ್ತುಗಡೆ, ಅಂದ್ರೆ ಹೊಸ ಹಾಡನ್ನು ಎಲ್ಲಿ ಸುರು ಮಾಡುದು ಅಂತ. ಈ ಕುಣಿತದ ಹಾಡುಗಳಲ್ಲಿ ಎಂತ ಬದಲಾಗುದಿದ್ರೂ ಸಾಮಾನ್ಯ 32 ಪೆಟ್ಟಿಗೊಮ್ಮೆ ಬದಲಾಗುದು, 125ರ ವೇಗದಲ್ಲಿ ಅದು 15 ಸೆಕೆಂಡು ಚಿಲ್ಲರೆ. ಹೊಸ ಹಾಡನ್ನು ಆ ಆವರ್ತದ ಮೊದಲ ಪೆಟ್ಟಿಗೆ ಎತ್ತಿದ್ರೆ ಎರಡೂ ಹಾಡಿನ ಏರಿಳಿತ ಒಟ್ಟಿಗೆ ಬರ್ತದೆ, ನಡುವೆ ಎಲ್ಲೋ ಎತ್ತಿದ್ರೆ ಪೆಟ್ಟು ಸರಿ ಕೂತ್ರೂ ಎಂತದೋ ಸರಿ ಇಲ್ಲ ಅಂತ ಮನಸ್ಸಿಗೆ ಗೊತ್ತಾಗ್ತದೆ. ಮತ್ತೆ ಬೇಸು. ಎರಡು ಹಾಡಿನ ಬೇಸು ಒಟ್ಟಿಗೆ ಬಂದ್ರೆ ಕೆಸರು, ಹಾಗಾಗಿ ಹೊಸ ಹಾಡು ಒಳಗೆ ಬರುವಾಗ ಅದರ ಬೇಸ್ ಕತ್ತರಿಸಿ ಬರೀ ಮೇಲಿನ ಚಿಣಿ ಚಿಣಿ ಮಾತ್ರ ಬಿಡ್ತಾರೆ, ನಿಮಗೆ ಬಂದದ್ದೇ ಗೊತ್ತಾಗುದಿಲ್ಲ, ಆಮೇಲೆ ಒಂದು ಪೆಟ್ಟಿಗೆ ಸರಿಯಾಗಿ ಹಳೆಯದ್ದರ ಬೇಸ್ ತೆಗೆದು ಇದರದ್ದು ಕೊಡ್ತಾರೆ, ನೆಲ ಅದಲು ಬದಲು ಆದ ಹಾಗೆ ಆಗ್ತದೆ. ಇಯರ್‌ಫೋನ್ ಹಾಕಿ ಯಾವುದಾದ್ರೂ ಒಂದು ಮಿಕ್ಸಿನಲ್ಲಿ ಈ ಒಂದು ಸಂಗತಿಯನ್ನು ಹಿಡಿಯಿರಿ, ಸಾಕು. ಮೊಬೈಲಿನ ಸ್ಪೀಕರಲ್ಲಿ ಗೊತ್ತಾಗುದಿಲ್ಲ ಮತ್ತೆ, ಅದರಲ್ಲಿ ಬೇಸೇ ಇಲ್ಲ.

ಈಗ ಸಿಂಕ್ ಅಂತ ಒಂದು ಬಟನ್ ಉಂಟು, ಒತ್ತಿದ್ರೆ ಪೆಟ್ಟು ಕೂಡಿಸುವ ಕೆಲಸ ಕಂಪ್ಯೂಟರೇ ಮಾಡ್ತದೆ. ಹಾಗಾದ್ರೆ ಡಿಜೆಗೆ ಕೆಲಸ ಎಂತ ಅಂತ ಕೇಳ್ತೀರಿ. ಯಾವುದರ ನಂತರ ಯಾವುದು, ಅಷ್ಟೇ ಕೆಲಸ, ಅದೇ ಕಷ್ಟದ ಕೆಲಸ. ಇದನ್ನು ನಾನು ಮಾವನಿಗೆ ಹೇಳ್ಲಿಕ್ಕೆ ಹೋಗಿ ಅರ್ಧದಲ್ಲಿ ನಿಲ್ಲಿಸ್ಬೇಕಾಯ್ತು, ಯಾಕಂದ್ರೆ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಬಯಲಾಟ ನೋಡಿದವರಿಗೆಲ್ಲ ಗೊತ್ತುಂಟು. ಪೂರ್ವರಂಗಕ್ಕೆ ಒಬ್ಬ ಎಳೆಯ ಭಾಗವತ ಕೂರ್ತಾನೆ, ಜನ ಇನ್ನೂ ಬರ್ತಾ ಇರ್ತಾರೆ, ಚುರುಮುರಿ ತಿನ್ತಾ ಇರ್ತಾರೆ, ಅವ ಅಲ್ಲೇ ಅಬ್ಬರ ಮಾಡ್ಲಿಕ್ಕಿಲ್ಲ. ಮುಖ್ಯ ಭಾಗವತರು ಜಾಗಟೆ ಹಿಡಿಯುದು ನಡುರಾತ್ರಿ ಕಳೆದ ಮೇಲೆ. ಮಹಿಷಾಸುರನ ಪ್ರವೇಶದ ಚೆಂಡೆಯನ್ನು ಎಂಟು ಗಂಟೆಗೇ ಬಡಿದ್ರೆ ಮತ್ತೆ ಬೆಳಗ್ಗಿನವರೆಗೆ ಎಂತ ಮಾಡುದು? ಕ್ಲಬ್ಬಿನಲ್ಲಿಯೂ ಸರಿ ಹಾಗೆಯೇ, ಮೊದಲು ಹಾಕುವವನಿಗೆ ವಾರ್ಮ್-ಅಪ್ ಅಂತ ಹೆಸರು, ಅವ ಜೋರಿನ ಹಾಡು ಹಾಕಿ ಮುಗಿಸಿದ್ರೆ ಅದು ಮರ್ಯಾದೆ ತಪ್ಪಿದ ಲೆಕ್ಕ. ಬರ್ಲಿನಿನ ಬೆರ್ಗ್‌ಹೈನ್ ಅಂತ ಕ್ಲಬ್ ಉಂಟು, ಹಳೇ ಕರೆಂಟ್ ಸ್ಥಾವರದ ಕಟ್ಟಡ, ಅಲ್ಲಿ ಶನಿವಾರ ರಾತ್ರಿ ಸುರುವಾದ್ದು ಸೋಮವಾರ ಬೆಳಗ್ಗೆ ಮುಗಿಯುದು. ಕೊನೆಗೆ ಹಾಕುವವರು ಎಷ್ಟೋ ಗಂಟೆ ಎಡೆಬಿಡದೆ ಹಾಕ್ತಾರೆ. ನಮ್ಮದು ಈಗ ಕಾಲಮಿತಿ ಆಯ್ತು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕ್ಬಾರ್ದು ಅಂತ 2000ದ ಕಾನೂನು ಉಂಟಲ್ಲ, ಮತ್ತೆ ನೋಡುವವರಿಗೂ ಬೆಳಗ್ಗೆ ಕೆಲಸಕ್ಕೆ ಹೋಗ್ಬೇಕು. ಅವರದ್ದೂ ದೊಡ್ಡ ಉತ್ಸವಗಳಲ್ಲಿ ಒಂದೇ ಗಂಟೆಗೆ ಇಳಿದಿದೆ, ಒಂದು ಗಂಟೆಯಲ್ಲಿ ಪೀಠಿಕೆಯೂ ಇಲ್ಲ ಎಂತದೂ ಇಲ್ಲ, ಹತ್ತಿದ ಕೂಡ್ಲೇ ಯುದ್ಧ. ನಂಗೆ ಅದು ಹಿಡಿಸುದಿಲ್ಲ.

ಹಾಗಾಗಿ ಮಿಕ್ಸನ್ನು ಮೊದಲಿಂದ ಕೊನೆವರೆಗೆ ಕೇಳ್ಬೇಕು, ಮುಂದೆ ದೂಡಿ ದೂಡಿ ಕೇಳಿದ್ರೆ ಅದು ಪದ್ಯ ಮಾತ್ರ ಕತ್ತರಿಸಿ ವಾಟ್ಸಾಪಿನಲ್ಲಿ ಕೇಳಿದ ಹಾಗೆ. ಇದಕ್ಕೆ ಕೈಗೆ ಕೆಲಸ ಇದ್ದು ಕಿವಿ ಖಾಲಿ ಇರುವ ಹೊತ್ತು ಒಳ್ಳೆಯದು. ನನ್ನದು ಅಡಿಕೆ ಸುಲಿಯುವ ಹೊತ್ತು, ಇಲ್ಲದಿದ್ರೆ ಕುಂಬಳೆಯಿಂದ ಮಂಗಳೂರಿಗೆ ಹೋಗುವ ರೈಲು.

ಸರಿ, ಯಾವುದು ಕೇಳುದು? ಹೊಸಬರಿಗೆ ನಾನು ಮೊದಲು ಕೊಡುದು ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್ ಅಂತ ವಿಯೆನ್ನಾದ ಇಬ್ಬರ 1996ರ ಮಿಕ್ಸು. ಬರ್ಲಿನಿನ ಸ್ಟುಡಿಯೋ ಕೆ7 ಅಂತ ಕಂಪೆನಿ 1995ರಿಂದ ಡಿಜೆ-ಕಿಕ್ಸ್ ಅಂತ ಒಂದು ಸರಣಿ ತರ್ತಾ ಉಂಟು, ಒಬ್ಬೊಬ್ಬ ಕಲಾವಿದನ ಹತ್ರ ಒಂದೊಂದು ಮಿಕ್ಸ್ ಮಾಡಿಸುದು, ಅದರಲ್ಲಿ ಬಂದದ್ದು. ಮಳೆ ಬಂದು ಬಿಟ್ಟ ಮೇಲೆ ಹಂಚಿಂದ ನೀರು ಬೀಳ್ತದಲ್ಲ ಆ ವೇಗ. ಬೇಸು ಆಳದಲ್ಲಿ ನಿಧಾನಕ್ಕೆ ನಡೀತದೆ, ಮೇಲೆ ಡ್ರಮ್ಸ್ ಕೆಲವು ಕಡೆ ಅದರ ಇಮ್ಮಡಿ ವೇಗದಲ್ಲಿ ಓಡ್ತದೆ, ಎರಡೂ ಒಟ್ಟಿಗೆ ಇದ್ದೂ ಜಗಳ ಇಲ್ಲ. ಇಮ್ಮಡಿ ಅಂದ್ರೆ ಎಂತ ಅಂತ ಕೇರಳದ ದೇವಸ್ಥಾನಗಳ ಚೆಂಡೆಯ ಪಂಚಾರಿ ಮೇಳ ಕೇಳಿದವರಿಗೆ ಹೇಳ್ಬೇಕಾಗಿಲ್ಲ, 96 ಅಕ್ಷರದ ಕಾಲದಿಂದ 48, 24, 12, ಕೊನೆಗೆ 6, ತಾಳ ಒಂದೇ, ಪ್ರತಿ ಸಲ ಅರ್ಧಕ್ಕೆ ಮಡಚುದು.

ಅದು ರುಚಿ ಹತ್ತಿದ ಮೇಲೆ ಜೆಫ್ ಮಿಲ್ಸ್. ಡೆಟ್ರಾಯಿಟಿನವ, ಕಾರ್ ಫ್ಯಾಕ್ಟರಿಗಳ ಊರು ಅದು, ಟೆಕ್ನೋ, ಅಂದ್ರೆ ಮೆಷಿನಿನಲ್ಲೇ ಮಾಡುವ ಕುಣಿತದ ಸಂಗೀತ, ಹುಟ್ಟಿದ್ದು ಅಲ್ಲಿಯೇ. 1995ರ ಅಕ್ಟೋಬರಿನಲ್ಲಿ ಟೋಕಿಯೋದ ಲಿಕ್ವಿಡ್ ರೂಮ್ ಅಂತ ಕ್ಲಬ್ಬಿನಲ್ಲಿ ಅವ ಹಾಕಿದ್ದನ್ನು ರೆಕಾರ್ಡ್ ಮಾಡಿ ಮರುವರ್ಷ ಸಿಡಿ ತಂದ್ರು. ಎಲ್ಲರೂ ಎರಡು ಪ್ಲೇಯರಲ್ಲಿ ಹಾಕಿದ್ರೆ ಇವ ಮೂರರಲ್ಲಿ. ಒಂದು ಗಂಟೆ ಚಿಲ್ಲರೆಯಲ್ಲಿ ಮೂವತ್ತಕ್ಕೂ ಹೆಚ್ಚು ಹಾಡು, ಕೆಲವು ಎರಡು ನಿಮಿಷವೂ ನಿಲ್ಲುದಿಲ್ಲ. ಜನರ ಬೊಬ್ಬೆ ಕೇಳ್ತದೆ, ಸೂಜಿಯ ಕರಕರ ಕೇಳ್ತದೆ, ಅಲ್ಲಲ್ಲಿ ಪೆಟ್ಟು ಜಾರುದೂ ಅವ ಎಳೆದು ಸರಿ ಮಾಡುದೂ ಕೇಳ್ತದೆ, ಮೇಲೆ ಹೇಳಿದ ಲೆಕ್ಕ ಎಲ್ಲ ಕಣ್ಣೆದುರು ನಡೆದ ಹಾಗೆ. ಇದನ್ನು ನಾನು ಸುಲಿಯುವ ಹೊತ್ತಿಗೆ ಸಣ್ಣ ಸ್ಪೀಕರಲ್ಲಿ ಹಾಕಿದ್ದೆ, ಮಾವ ಗೋಣಿ ಮೇಲೆ ಕೂತು ಅರ್ಧ ಗಂಟೆ ಎಂತದೂ ಹೇಳ್ಲಿಲ್ಲ, ಆಮೇಲೆ "ಇವ ಬಿಡ್ತಿಗೆಯೇ ಕೊಡುದಿಲ್ವಲ್ಲ ಮಾರಾಯ, ಎಲ್ಲಿ ಮುಗಿಸ್ತಾನೆ ಇವ" ಅಂದ್ರು. ಬಿಡ್ತಿಗೆ ಅಂದ್ರೆ ಚೆಂಡೆಯವ ಪದ್ಯವನ್ನು ಕೊನೆ ಮುಟ್ಟಿಸುವ ಪಟ್ಟು. ಟೆಕ್ನೋ ಬಗ್ಗೆ ಇಷ್ಟು ಸರಿಯಾದ ಮಾತು ನಾನು ಎಲ್ಲಿಯೂ ಓದ್ಲಿಲ್ಲ. ಮುಗಿಸುದೇ ಇಲ್ಲ ಅವರು, ಮುಗಿಸ್ಲಿಕ್ಕೆ ಬರುವಾಗಲೇ ಇನ್ನೊಂದನ್ನು ಎತ್ತಿ ಆಗಿರ್ತದೆ.

ಒಂದೇ ತರದ ಢಬಢಬ ಬೊಡಿತದೆ ಅನ್ನುವವರಿಗೆ ಕೋಲ್ಡ್‌ಕಟ್ ಅಂತ ಲಂಡನಿನ ಜೋಡಿಯ 70 ಮಿನಿಟ್ಸ್ ಆಫ್ ಮ್ಯಾಡ್‌ನೆಸ್, 1995ರದ್ದು. ಹಿಪ್ ಹಾಪ್, ಟೆಕ್ನೋ, ಯಾರದ್ದೋ ಭಾಷಣ, ಟಿವಿ ಸೀರಿಯಲಿನ ಟೈಟಲ್ ಟ್ಯೂನು, ಎಲ್ಲ ಒಂದೇ ಹಂಡೆಗೆ. ವೇಗ ಬೇರೆ, ಜಾತಿ ಬೇರೆ, ಆದ್ರೂ ದಾರ ತುಂಡಾಗುದಿಲ್ಲ. ನಮ್ಮ ಬಸ್ಸಿನ ಕಂಡಕ್ಟರು ಮಲಯಾಳದಲ್ಲಿ ಟಿಕೆಟ್ ಕೇಳಿ ತುಳುವಿನಲ್ಲಿ ಬೈದು ಕನ್ನಡದಲ್ಲಿ ಚಿಲ್ಲರೆ ಕೊಡ್ತಾನೆ, ಎಲ್ಲಿ ಹೊರಳಿದ ಅಂತ ಗೊತ್ತಾಗ್ಲಿಕ್ಕಿಲ್ಲ, ಯಾಕಂದ್ರೆ ಅವ ಹೊರಳುದು ಎರಡೂ ಭಾಷೆಗೆ ಸೇರಿದ ಒಂದು ಶಬ್ದದ ಮೇಲೆ. ಇವರೂ ಹಾಗೆ, ಎರಡು ಹಾಡಿಗೂ ಸೇರಿದ ಒಂದು ಸದ್ದು ಹುಡುಕಿ ಅದರ ಮೇಲೆ ಕಾಲಿಟ್ಟು ದಾಟ್ತಾರೆ.

ಬೆಲ್ಜಿಯಮ್ಮಿನ ಅಣ್ಣತಮ್ಮ ಟೂಮೆನಿಡೀಜೇಸ್ 2002ರಲ್ಲಿ ತಂದ ಮಿಕ್ಸ್ ಕೂಡ ಇದೇ ಜಾತಿ, ಒಬ್ಬರ ಹಾಡಿನ ಮೇಲೆ ಇನ್ನೊಬ್ಬರ ಸ್ವರ ಕೂರಿಸುದು. ಅದು ಗಮ್ಮತ್ತಿನದ್ದು, ಪಾರ್ಟಿಗೆ ಒಳ್ಳೆಯದು, ಹತ್ತು ಸಲ ಕೇಳಿದ ಮೇಲೆ ನಂಗೆ ಸಾಕಾಯ್ತು. ಆದ್ರೆ ಅದರ ಹಿಂದಿನ ಕಥೆ ಹೇಳ್ಬೇಕು. ಸಿಡಿ ಮಾರ್ಬೇಕಾದ್ರೆ ಒಂದೊಂದು ಹಾಡಿಗೂ ಹಕ್ಕು ಇರುವವರ ಒಪ್ಪಿಗೆ ಬೇಕು. ಅವರು 187 ಹಾಡಿಗೆ ಕೇಳಿದ್ರು, 114ಕ್ಕೆ ಒಪ್ಪಿಗೆ ಸಿಕ್ಕಿತು, 62ಕ್ಕೆ ಇಲ್ಲ ಅಂದ್ರು, 11ರ ಹಕ್ಕುದಾರರು ಪತ್ತೆಯೇ ಇಲ್ಲ. ನಮಗೆ ಇಷ್ಟದ ಮಿಕ್ಸ್ ಇವತ್ತು ಇದ್ದು ನಾಳೆ ಕಾಣೆಯಾಗುದು ಯಾಕೆ ಅಂತ ಇದರಲ್ಲೇ ಗೊತ್ತಾಗ್ತದೆ. ಹಕ್ಕಿನವರ ಸಾಫ್ಟ್‌ವೇರ್ ಬಂದು ಹಾಡು ಗುರುತು ಹಿಡಿದು ಇಡೀ ಮಿಕ್ಸನ್ನೇ ಕಿತ್ತುಹಾಕ್ತದೆ. ಮಿಕ್ಸ್‌ಕ್ಲೌಡ್ ಅಂತ ಮಿಕ್ಸ್ ಹಾಕುವ ಸೈಟಿನಲ್ಲಿ ಈ ಕಾಟ ಕಮ್ಮಿ, ಹಕ್ಕುದಾರರಿಗೆ ದುಡ್ಡು ಹೋಗುವ ವ್ಯವಸ್ಥೆ ಅವರು ಮೊದಲೇ ಮಾಡಿದ್ದಾರೆ. ಬಿಬಿಸಿ ರೇಡಿಯೋ 1ರ ಎಸೆನ್ಶಿಯಲ್ ಮಿಕ್ಸ್ 1993ರಿಂದ ನಡೀತಾ ಉಂಟು, ವಾರಕ್ಕೊಬ್ಬರು, ಎರಡು ಗಂಟೆ, ಅದರಲ್ಲಿ ಎಲ್ಲ ಮಟ್ಟದವರೂ ಬರ್ತಾರೆ, ಕೆಲವು ಸಲ ಭಾರಿ ಸಾಧಾರಣ. ಲಂಡನಿನ ಎನ್‌ಟಿಎಸ್ ರೇಡಿಯೋ ನಂಗೆ ಅದಕ್ಕಿಂತ ಹೆಚ್ಚು ಇಷ್ಟ, 2011ರಲ್ಲಿ ಸುರುವಾದ್ದು, ಹಳೇ ಕಾರ್ಯಕ್ರಮಗಳೂ ಹಾಡಿನ ಪಟ್ಟಿ ಸಮೇತ ಸಿಗ್ತವೆ. ದೆಹಲಿಯ ಬಾಕ್ಸ್‌ಔಟ್ ಎಫ್ಎಂ 2017ರದ್ದು, ನಮ್ಮ ದೇಶದವರ ಮಿಕ್ಸ್ ಬೇಕಾದ್ರೆ ಅಲ್ಲಿ ನೋಡಿ.

ಅಂಡರ್‌ಗ್ರೌಂಡ್ ಅಂತ ಹೇಳ್ತಾರಲ್ಲ, ಅದು ಕದ್ದುಮುಚ್ಚಿ ಮಾಡುವ ವ್ಯವಹಾರ ಅಂತ ಎಣಿಸ್ಬೇಡಿ. ಸಿನೆಮಾದಲ್ಲಿ ಇಲ್ಲದ, ಎಫ್ಎಂನಲ್ಲಿ ಬಾರದ, ಮುನ್ನೂರು ಐನೂರು ಪ್ರತಿ ಅಚ್ಚಾಗಿ ಕೈಯಿಂದ ಕೈಗೆ ಹೋಗುವ ಸಂಗೀತ, ಅಷ್ಟೇ. ಕೆಲವು ರೆಕಾರ್ಡಿನ ಮೇಲೆ ಹೆಸರೇ ಇರುದಿಲ್ಲ, ಬಿಳಿ ಚೀಟಿ ಮಾತ್ರ, ವೈಟ್ ಲೇಬಲ್ ಅಂತ ಅದಕ್ಕೆ ಹೇಳುದು. ಇಂತದ್ದು ನಮ್ಮ ಮೂಗಿನಡಿಯಲ್ಲೇ ಇತ್ತು ಅನ್ನುದಕ್ಕೆ ಚರಣ್‌ಜಿತ್ ಸಿಂಗ್ ಸಾಕ್ಷಿ. ಬೊಂಬಾಯಿಯ ಸಿನೆಮಾ ಹಾಡುಗಳಿಗೆ ವಾದ್ಯ ನುಡಿಸ್ತಿದ್ದವರು. 1982ರಲ್ಲಿ ಜಪಾನಿನ ರೋಲಂಡ್ ಕಂಪೆನಿಯ ಎರಡು ಹೊಸ ಮೆಷಿನ್ ತಂದ್ರು, ಟಿಆರ್-808 ಅಂತ ಡ್ರಮ್ ಮೆಷಿನು, ಟಿಬಿ-303 ಅಂತ ಬೇಸ್ ಮೆಷಿನು, ಅವುಗಳ ಜೊತೆ ಕೀಬೋರ್ಡಿನಲ್ಲಿ ಹತ್ತು ರಾಗ ನುಡಿಸಿ ಎಚ್‌ಎಂವಿಯಲ್ಲಿ ಒಂದು ರೆಕಾರ್ಡ್ ಮಾಡಿದ್ರು. ಭೈರವಿ, ಲಲಿತ್, ಯಮನ್, ಮಾಲ್‌ಕೌಂಸ್, ಎಲ್ಲ ಡಿಸ್ಕೋ ಪೆಟ್ಟಿಗೆ. ಆಗ ಯಾರೂ ಕಿವಿ ಕೊಡ್ಲಿಲ್ಲ. ಆ 303 ಮೆಷಿನು ಗಿಟಾರಿನವರಿಗೆ ಬೇಸ್ ಜೊತೆ ಕೊಡ್ಲಿಕ್ಕೆ ಅಂತ ಮಾಡಿದ್ದು, ಯಾರಿಗೂ ಬೇಡಾಗಿ 1984ರಲ್ಲಿ ನಿಂತಿತು, ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಶಿಕಾಗೋದ ಹುಡುಗರು ತಿರುಚಿ ತಿರುಚಿ 1987ರಲ್ಲಿ ಆಸಿಡ್ ಹೌಸ್ ಅಂತ ಹೊಸ ಜಾತಿಯನ್ನೇ ಹುಟ್ಟಿಸಿದ್ರು. 2010ರಲ್ಲಿ ಚರಣ್‌ಜಿತ್ ಸಿಂಗರ ರೆಕಾರ್ಡ್ ಮರುಮುದ್ರಣ ಆದಾಗ ಕೇಳಿದವರು ದಂಗಾದ್ರು, ಶಿಕಾಗೋಕ್ಕಿಂತ ಐದು ವರ್ಷ ಮೊದಲೇ ಅದೇ ಸದ್ದು! ಇವರಿಂದ ಅವರು ಕಲಿತದ್ದಲ್ಲ ಮತ್ತೆ, ಕೆಲವರು ಹಾಗೆ ಎದೆ ತಟ್ಟಿ ಹೇಳ್ತಾರೆ. ಒಂದೇ ಮೆಷಿನು ಎರಡು ಕಡೆ ಒಂದೇ ತರ ಮಾತಾಡಿತು, ಅಷ್ಟೇ. 303ರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಒಂದು ಗುಣ ಉಂಟು, ರಾಗ ನುಡಿಸುವವರಿಗೆ ಅದು ಮೀಂಡ್ ಆಯ್ತು, ಅವರಿಗೆ ಆಸಿಡ್ ಆಯ್ತು.

ಘಾನಾದ ಅಟಾ ಕಾಕ್ ಕಥೆಯೂ ಇಂತದ್ದೇ. 1994ರಲ್ಲಿ ಒಂದು ಕ್ಯಾಸೆಟ್ ಮಾಡಿದ್ದರು, ಬೆರಳೆಣಿಕೆಯಷ್ಟು ಹೋಯ್ತು, ಮುಗೀತು. ಅಮೆರಿಕದ ಒಬ್ಬ ವಿದ್ಯಾರ್ಥಿ ಅಲ್ಲಿನ ರಸ್ತೆ ಬದಿಯಲ್ಲಿ ಅದನ್ನು ತಗೊಂಡು, 2006ರಲ್ಲಿ ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ ಅಂತ ಇಂಟರ್ನೆಟ್ಟಿನಲ್ಲಿ ಹಾಕ್ಲಿಕ್ಕೆ ಸುರು ಮಾಡಿದ, ಆಮೇಲೆ ಹಾಡಿದವರನ್ನು ಹುಡುಕಿಯೇ ಹುಡುಕಿ 2015ರಲ್ಲಿ ದುಡ್ಡು ಕೊಟ್ಟು ಮರುಮುದ್ರಣ ಮಾಡಿದ.

ನೀವು ಹುಡುಕುದಾದ್ರೆ ಹೀಗೆ ಮಾಡಿ. ಮಿಕ್ಸ್ ಕೇಳುವಾಗ ಯಾವುದೋ ಒಂದು ಹಾಡು ಹಿಡಿದು ನಿಲ್ಲಿಸ್ತದಲ್ಲ, ಎಷ್ಟನೇ ನಿಮಿಷ ಅಂತ ಬರೆದಿಡಿ. ಹಾಡು ಕೇಳಿಸಿದ್ರೆ ಹೆಸರು ಹೇಳುವ ಶಜಾಮ್ ಅಂತ ಆ್ಯಪ್ ಕೆಲವು ಸಲ ಹೇಳ್ತದೆ, ವೇಗ ಬದಲಿಸಿದ್ದಾದ್ರೆ ಅಥವಾ ಎರಡು ಹಾಡು ಒಟ್ಟಿಗೆ ಇದ್ರೆ ಅದಕ್ಕೆ ತಲೆ ತಿರುಗ್ತದೆ, ಬಿಡುಗಡೆಯೇ ಆಗದ್ದಾದ್ರೆ ಹೇಳುದೇ ಇಲ್ಲ. ಪಟ್ಟಿಯಲ್ಲಿ ಬರೀ "ಐಡಿ" ಅಂತ ಬರೆದಿದ್ರೆ ಯಾರಿಗೂ ಗೊತ್ತಿಲ್ಲ, ಅಥವಾ ಡಿಜೆ ಗುಟ್ಟು ಬಿಡ್ಲಿಲ್ಲ ಅಂತ ಅರ್ಥ. ಹೆಸರು ಸಿಕ್ಕಿದ ಮೇಲೆ ಹಾಡುಗಾರನನ್ನು ಹಿಂಬಾಲಿಸುದಕ್ಕಿಂತ ಲೇಬಲನ್ನು, ಅಂದ್ರೆ ರೆಕಾರ್ಡ್ ತಂದ ಕಂಪೆನಿಯನ್ನು, ಹಿಂಬಾಲಿಸಿ, ಡಿಸ್ಕಾಗ್ಸ್ ಅಂತ ಸೈಟಿನಲ್ಲಿ ಆ ಲೇಬಲ್ ತಂದದ್ದೆಲ್ಲ ಸಾಲಾಗಿ ಉಂಟು, ಸಣ್ಣ ಲೇಬಲ್ ಅಂದ್ರೆ ಒಬ್ಬನ ಕಿವಿ, ಅವನಿಗೆ ಹಿಡಿಸಿದ್ದರಲ್ಲಿ ನಿಮಗೂ ನಾಲ್ಕು ಹಿಡಿಸ್ತದೆ. ದುಡ್ಡು ಕೊಡುದಾದ್ರೆ ಬ್ಯಾಂಡ್‌ಕ್ಯಾಂಪ್ ಅಂತ ಹಾಡು ಮಾರುವ ಸೈಟಿನಲ್ಲಿ ಕೊಡಿ, ಮಾಡಿದವರ ಕೈಗೆ ಹೆಚ್ಚಿನ ಪಾಲು ಹೋಗ್ತದೆ.

ನಂದೂ ಒಂದು ಐಡಿ ಬಾಕಿ ಉಂಟು. ಆಚೆಮನೆಯ ಇಚ್ಚ ಹಿಂದೊಮ್ಮೆ ದುಬೈಯಿಂದ ಬರುವಾಗ ತಂದ ಸಿ-90 ಕ್ಯಾಸೆಟ್ಟು, ಟಿಡಿಕೆಯದ್ದು, ಮೇಲೆ ನೀಲಿ ಪೆನ್ನಲ್ಲಿ "2" ಅಂತ ಮಾತ್ರ ಬರೆದದ್ದು, ಒಂದನೇದ್ದು ಎಲ್ಲಿ ಅಂತ ಅವರಿಗೂ ನೆನಪಿಲ್ಲ. ಯಾರೋ ಹಾಡಿಗೆ ಹಾಡು ಹೊಲಿದು ಮಾಡಿದ್ದಾರೆ, ರೇಡಿಯೋದಿಂದ ಹಿಡಿದದ್ದಾಗಿರ್ಬಹುದು, ಎರಡನೇ ಬದಿಯಲ್ಲಿ ಸುಮಾರು 12ನೇ ನಿಮಿಷಕ್ಕೆ ಒಂದು ಹೆಂಗಸಿನ ಸ್ವರ, ಅರಬ್ಬಿಯೂ ಅಲ್ಲ ಹಿಂದಿಯೂ ಅಲ್ಲ, ಕೆಳಗೆ ಡ್ರಮ್ ಮೆಷಿನಿನ ಚಪ್ಪಾಳೆ, ಮೇಲೆ ಕೊಳಲಿನ ಹಾಗಿರುವ ಕೀಬೋರ್ಡು, ಅಷ್ಟೊತ್ತಿಗೆ ಟೇಪು ಎಳೆದು ಸ್ವರ ಚೂರು ಸೊಟ್ಟ ಆಗ್ತದೆ, ಶಜಾಮಿಗೆ ಐದಾರು ಸಲ ಹಿಡಿದೆ, ಒಂದು ಸಲ ಯಾವುದೋ ಭಜನೆ ಅಂತ ಹೇಳಿತು. ಮಾವ ಕೇಳಿ "ತಾಳ ಆದಿ, ಉಳಿದದ್ದು ಗೊತ್ತಿಲ್ಲ" ಅಂದ್ರು. ಕಾಸರಗೋಡಿಂದ ಕಾಞಂಗಾಡಿನವರೆಗೆ ಗಲ್ಫಿನ ಹಳೇ ಕ್ಯಾಸೆಟ್ ಇಟ್ಟುಕೊಂಡವರು ಯಾರಾದ್ರೂ ಇದನ್ನು ಓದ್ತಾ ಇದ್ರೆ, ನೀಲಿ ಪೆನ್ನಿನ "1" ನಿಮ್ಮ ಕಪಾಟಿನಲ್ಲಿ ಉಂಟಾ ನೋಡಿ ಮಾರಾಯ್ರೆ.